ಅಂಗಳದ ಹಾಸುಗಲ್ಲಿಗೆ ತೇವದ ಕಲೆ

ಶ್ರಾವಣ ಮಾಸದ ಪ್ರವಚನದ ನಿಮಿತ್ತ ಊರೂರು ಸಂಚರಿಸುವುದು ನಮಗೆ ನಲವತ್ತು ವರ್ಷಗಳಿಂದ ರೂಢಿಯಾಗಿ ಬಂದಿದೆ. ಭಕ್ತರ ಮನೆಗಳಲ್ಲಿ ನಮ್ಮ ಬಿಡಾರ. ಯಾವ ಮನೆಗೆ ಹೋದರೂ ಮೊದಲು ಕಾಲಿಡುವುದು ಅಂಗಳಕ್ಕೆ. ಕಾಲು ತೊಳೆಯಲು ನೀರು ಕೊಡುವುದೂ ಅಲ್ಲಿಯೇ. ಆದ್ದರಿಂದ ಮನೆಯ ಒಳಗನ್ನು ಕಾಣುವ ಮೊದಲು ಅದರ ಹಾಸುಗಲ್ಲನ್ನು ಕಾಣುವ ಅಭ್ಯಾಸ ನಮ್ಮ ಕಣ್ಣಿಗೆ ಅಂಟಿಕೊಂಡಿದೆ.

ಕಳೆದ ಶ್ರಾವಣದಲ್ಲಿ ಚಿತ್ತಾಪುರ ತಾಲೂಕಿನ ಒಂದು ಗ್ರಾಮದಲ್ಲಿ ಇಳಿದುಕೊಂಡಿದ್ದೆವು. ಮನೆ ಹೊಸದು, ಕಟ್ಟಿಸಿ ಮೂರು ವರ್ಷ. ಮುಂದೆ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಅಂಗಳ. ಅದಕ್ಕೆ ಹಾಸಿದ್ದು ಶಹಾಬಾದ ಫರಸಿ. ನಸುನೀಲಿ ಛಾಯೆಯ ಬೂದುಬಣ್ಣದ ಆ ಕಲ್ಲುಗಳು ಒಂದೊಂದೂ ಒಂದೊಂದು ರೀತಿಯಲ್ಲಿ ಕೆಟ್ಟಿದ್ದವು. ಕೆಲವಕ್ಕೆ ಅಂಚಿನುದ್ದಕ್ಕೂ ಚೌಕಟ್ಟು ಹಾಕಿದಂತೆ ಕಪ್ಪು ತೇವ; ಕೆಲವಕ್ಕೆ ನಾಲ್ಕು ಮೂಲೆಗೂ ನಡುವಿಗೂ ಸೇರಿ ಐದು ದುಂಡು ಕಲೆ; ಗೋಡೆಯ ಬದಿಗೆ ಬಿಳಿಯ ಪುಡಿ; ಬಚ್ಚಲಿನ ಕಡೆಗೆ ಹಸಿರು ಪಾಚಿ. ಆಷಾಢದಲ್ಲಿ ಆ ಪಾಚಿಯ ಮೇಲೆಯೇ ಮನೆಯ ಹಿರಿಯ ಅವ್ವ ಜಾರಿಬಿದ್ದು ಮುಂಗೈ ಮುರಿದುಕೊಂಡಿದ್ದರು. ಕೈಗೆ ಪಟ್ಟಿ ಸುತ್ತಿಕೊಂಡೇ ಅವರು ಪ್ರವಚನಕ್ಕೆ ಕುಳಿತಿದ್ದರು.

“ಇಷ್ಟು ರೊಕ್ಕ ಸುರಿದು ಹಾಸಿಸಿದ ಫರಸಿ ಹಿಂಗ್ಯಾಕ ಆತ್ರೀ ಶಾಸ್ತ್ರಿಗಳೆ?” ಎಂದು ಮನೆಯ ಯಜಮಾನರು ಕೇಳಿದರು. ಮಾರ್ಗಶಿರದಲ್ಲಿ ಮಗಳ ಲಗ್ನ ನಿಶ್ಚಯವಾಗಿತ್ತು. ಬೀಗರು ಬರುವ ಮುನ್ನ ಅಂಗಳ ಬೆಳ್ಳಗಾಗಬೇಕೆಂದು ಅವರು ಕ್ಯಾನುಗಟ್ಟಲೆ ಆಸಿಡ್ ತರಿಸಿ ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದರು. ಅದನ್ನು ತೋರಿಸಿದಾಗ ನಾವು ಸುಮ್ಮನಿರಲಾಗಲಿಲ್ಲ. “ಇದನ್ನು ಸುರಿಯಬೇಡಿರಿ, ನಮ್ಮ ಮಾತು ಕೇಳಿರಿ” ಎಂದು ಕೈಹಿಡಿದು ನಿಲ್ಲಿಸಿದೆವು. ಶಾಸ್ತ್ರ ಓದಿದವರಿಗೆ ಗೌಂಡಿ ಕೆಲಸದ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ಅದಕ್ಕೆ ಕಾರಣವುಂಟು, ನಮ್ಮಿಂದಲೇ ಆದ ಒಂದು ತಪ್ಪು ಆ ಕಾರಣ. ಅದನ್ನು ಹೇಳುವ ಮೊದಲು ಕಲ್ಲಿನ ಗುಣವನ್ನು ತಿಳಿಯುವುದು ಲೇಸು.

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಮಳಖೇಡದ ಪರಿಸರದಲ್ಲಿ ನೆಲದಡಿ ಹಾಸುಹಾಸಾಗಿ ದೊರೆಯುವುದು ಸುಣ್ಣದ ಕಲ್ಲು. ತೆಲಂಗಾಣದ ತಾಂಡೂರಿನವರೆಗೂ ಅದರ ಪದರಗಳು ಚಾಚಿಕೊಂಡಿವೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಸೂಕ್ಷ್ಮವಾದ ಸುಣ್ಣದ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾದುದೇ ಈ ಕಲ್ಲು. ಪದರದ ಗುಣ ಉಳಿದಿರುವುದರಿಂದಲೇ ಗಣಿಯಲ್ಲಿ ಉಳಿಯಿಟ್ಟು ಹೊಡೆದರೆ ಪುಸ್ತಕದ ಹಾಳೆ ಬಿಡಿಸಿದಂತೆ ಚಪ್ಪಟೆಯಾಗಿ ಬಿಡಿಸಿಕೊಳ್ಳುತ್ತದೆ; ಹಾಸಲು ಹೆಚ್ಚಿನ ಕೆತ್ತನೆ ಬೇಡ. ಇದೇ ಕಲ್ಲನ್ನು ಸುಟ್ಟರೆ ಸುಣ್ಣ, ಜೇಡಿಯೊಡನೆ ಅರೆದು ಸುಟ್ಟರೆ ಸಿಮೆಂಟು. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟು ಕಾರ್ಖಾನೆಗಳು ತಲೆಯೆತ್ತಿರುವುದು ಇದೇ ಕಾರಣಕ್ಕೆ.

ಕಲ್ಲು ಅಲ್ಪಾಯುಷಿ ಎಂದು ಮಾತ್ರ ಯಾರೂ ತಿಳಿಯಬಾರದು. ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭೂಮಿಯನ್ನು ಅಗೆದು ತೆಗೆದ ಬೌದ್ಧ ಸ್ತೂಪದ ಶಿಲಾಫಲಕಗಳು ಸುಣ್ಣದ ಕಲ್ಲಿನವೇ. ಅವುಗಳಲ್ಲೊಂದರ ಮೇಲೆ ಅಶೋಕ ಚಕ್ರವರ್ತಿಯ ಆಕೃತಿಯೂ, ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರೂ ಇವೆ. ಸುಮಾರು ಎರಡು ಸಾವಿರ ವರ್ಷ ಕಳೆದರೂ ಅಕ್ಷರ ಓದಲು ಬರುತ್ತದೆ. ಇಂಥ ಕಲ್ಲು ನಮ್ಮ ಅಂಗಳದಲ್ಲಿ ಮೂರೇ ವರ್ಷಕ್ಕೆ ಕುರೂಪವಾಗುತ್ತದೆಂದರೆ ದೋಷವನ್ನು ಕಲ್ಲಿನಲ್ಲಿ ಹುಡುಕುವುದು ಸಲ್ಲದು.

ಈ ಕಲ್ಲಿಗೆ ಒಂದು ಶತ್ರುವಿದೆ, ಅದು ಹುಳಿ. ನಿಂಬೆಹಣ್ಣಿನ ಒಂದು ಹನಿ ಬಿಟ್ಟು ನೋಡಿರಿ. ಸ್ವಲ್ಪ ಹೊತ್ತಿನಲ್ಲಿ ಆ ಜಾಗ ಹೊಳಪುಗೆಟ್ಟು ಮಂಕಾಗುತ್ತದೆ. ನಮ್ಮ ತಾಯಂದಿರು ಹಿತ್ತಾಳೆಯ ತಂಬಿಗೆ, ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವ ಜಾಗ ಸಾಮಾನ್ಯವಾಗಿ ಅಂಗಳದ ಒಂದೇ ಮೂಲೆಯಾಗಿರುತ್ತದೆ. ಪಾತ್ರೆಗಳು ಬೆಳಗುತ್ತವೆ, ಅಡಿಯ ಕಲ್ಲು ಸವೆಯುತ್ತದೆ. ಹಳೆಯ ಮನೆಗಳಲ್ಲಿ ಆ ಒಂದು ಕಲ್ಲನ್ನು ಕಣ್ಣುಮುಚ್ಚಿ ಕೈಯಾಡಿಸಿಯೇ ಗುರುತಿಸಬಹುದು. ಹುಣಸೆಯೇ ಇಷ್ಟು ಮಾಡಿದರೆ ಬಾಟಲಿಯ ಆಸಿಡ್ ಎಷ್ಟು ಮಾಡೀತು?

ಇನ್ನು ನಮ್ಮ ತಪ್ಪಿನ ಸಂಗತಿ. ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಬೆಳಗಿನ ಜಾವ ಪ್ರಾಂಗಣ ಗುಡಿಸಿ ತೊಳೆಯುವ ಸೇವೆ ವಿದ್ಯಾರ್ಥಿಗಳಾದ ನಮ್ಮದು. ಪ್ರಾಂಗಣವೆಲ್ಲ ಇದೇ ಫರಸಿ. ಒಂದು ವರ್ಷ ಜಾತ್ರೆಯ ಮುಂಚೆ ಪೇಟೆಯಿಂದ ಆಸಿಡ್ ತಂದು ಸುರಿದು ತಿಕ್ಕುವ ಉಪಾಯವನ್ನು ಹೇಳಿದವರು ನಾವೇ. ಸುರಿದೊಡನೆ ಬುರುಗು ಎದ್ದಿತು. ಕೊಳೆ ಕುದಿಯುತ್ತಿದೆ ಎಂದು ಹಿಗ್ಗಿದೆವು. ಕುದಿಯುತ್ತಿದ್ದುದು ಕಲ್ಲೇ ಎಂಬ ಅರಿವು ಆಗ ನಮಗಿರಲಿಲ್ಲ. ಪ್ರಾಂಗಣ ಬೆಳ್ಳಗಾಯಿತು, ಹಿರಿಯರು ಮೆಚ್ಚಿದರು. ಮುಂದಿನ ಎರಡು ವರ್ಷವೂ ಅದನ್ನೇ ಮಾಡಿದೆವು. ಮೂರನೆಯ ಮಳೆಗಾಲದಲ್ಲಿ ಪ್ರಾಂಗಣ ಮೊದಲಿಗಿಂತ ಕಪ್ಪಾಯಿತು. ಮಳೆ ನಿಂತು ನಾಲ್ಕು ದಿನವಾದರೂ ತೇವ ಆರಲೊಲ್ಲದು. ಹೊಸ್ತಿಲ ಬಳಿಯ ಒಂದು ಕಲ್ಲಿನ ಮೇಲೆ, ಆ ಹಾಸುಗಲ್ಲಿನ ಸೇವೆ ಮಾಡಿಸಿದ ಹಿಂದಿನ ತಲೆಮಾರಿನ ಭಕ್ತರೊಬ್ಬರ ಹೆಸರನ್ನು ತೆಳುವಾಗಿ ಕೆತ್ತಿಸಲಾಗಿತ್ತು. ನಾವು ಓದು ಕಲಿತ ಹೊಸತರಲ್ಲಿ ಬಾಗಿ ಓದುತ್ತಿದ್ದ ಅಕ್ಷರಗಳವು. ಮೂರು ವರ್ಷದ ತೊಳೆತದಲ್ಲಿ ಅವು ಮಾಸಿಹೋದವು. ಇಂದು ಆ ಹೆಸರು ಕಲ್ಲಿನ ಮೇಲಿಲ್ಲ. ಗ್ರಂಥ ಸಂಪಾದನೆಯಲ್ಲಿ ಒಂದು ಅಕ್ಷರ ತಪ್ಪಿದರೆ ನಿದ್ದೆಗೆಡುವ ನಮಗೆ ಆ ಕಲ್ಲನ್ನು ದಾಟುವಾಗ ಈಗಲೂ ಕಾಲು ತಡೆಯುತ್ತದೆ.

ಏಕೆ ಕಪ್ಪಾಯಿತು ಎಂಬುದನ್ನು ನಾವು ಬಹಳ ವರ್ಷಗಳ ನಂತರ ತಿಳಿದೆವು. ಪೇಟೆಯಲ್ಲಿ ಮಾರುವ ಆಸಿಡ್ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣದ ಕಲ್ಲಿಗೆ ತಗುಲಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಬುರುಗಾಗಿ ಹೊರಹೋಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ. ಆ ಲವಣದ ಸ್ವಭಾವ ಎಂಥದೆಂದರೆ, ಗಾಳಿಯಲ್ಲಿರುವ ತೇವವನ್ನೇ ಹೀರಿ ತಾನು ನೀರಾಗುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಕಂಡವರಿಗೆ ಇದು ತಿಳಿಯುತ್ತದೆ. ಆದರೆ ಇದು ಅಡುಗೆಯ ಉಪ್ಪಿಗಿಂತಲೂ ಬಹಳ ಹಸಿವಿನದು. ತೇವದ ಕಲೆಯನ್ನು ತೆಗೆಯಲೆಂದು ಸುರಿದ ಆಸಿಡ್ ತೇವವನ್ನು ಕರೆದು ಕೂರಿಸುವ ಲವಣವನ್ನು ಕಲ್ಲಿನೊಳಗೆ ಬಿತ್ತಿ ಹೋಗುತ್ತದೆ. ಜೊತೆಗೆ ನಯವಾಗಿದ್ದ ಮೈ ತರಿತರಿಯಾಗಿ, ಮುಂದಿನ ಪಾಚಿಗೆ ಹಿಡಿತ ದೊರೆಯುತ್ತದೆ.

ಕಲೆಯ ಬಗೆ, ನೀರಿನ ದಾರಿ

ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದನ್ನು ದಿನವೂ ನೋಡುತ್ತೇವೆ. ಹಾಗೆಯೇ ಮಣ್ಣು, ಸುಣ್ಣ, ಸಿಮೆಂಟು, ಕಲ್ಲು ಇವೆಲ್ಲವುಗಳಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರಂಧ್ರಗಳಿವೆ. ಅಡಿಯಲ್ಲಿ ನೀರಿದ್ದರೆ ಅವುಗಳ ಮೂಲಕ ತಾನಾಗಿ ಮೇಲೇರುತ್ತದೆ. ಏರಿದ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ದಾರಿಯಲ್ಲಿ ಕರಗಿಸಿಕೊಂಡು ಬಂದ ಲವಣ ಮಾತ್ರ ಆವಿಯಾಗಲಾರದು. ಅದು ಕಲ್ಲಿನ ಮೈಮೇಲೆ ಬಿಳಿ ಹುಡಿಯಾಗಿ ನಿಲ್ಲುತ್ತದೆ. ಆ ಮನೆಯ ಮೊಮ್ಮಗ, ಆರು ವರ್ಷದ ಕೂಸು, “ಇಲ್ಲಿ ಯಾರೋ ವಿಭೂತಿ ಚೆಲ್ಲ್ಯಾರ” ಎಂದು ನಮಗೆ ತೋರಿಸಿದ. ನೋಡಲು ಹಾಗೆಯೇ ಇತ್ತು.

ಈ ಬಿಳಿಯಲ್ಲಿ ಎರಡು ಬಗೆ. ಬೆರಳಿನಿಂದ ಒರೆಸಿದರೆ ಬರುವುದು, ನೀರು ಹಾಕಿದರೆ ಕರಗಿ ಮಾಯವಾಗಿ ಆರಿದ ಮೇಲೆ ಮತ್ತೆ ಕಾಣಿಸುವುದು ಒಂದು. ಇದು ಮಣ್ಣಿನ, ಸೌಳು ನೀರಿನ, ಸಿಮೆಂಟಿನ ಕರಗುವ ಲವಣ. ಉಗುರಿಗೂ ಬಾರದೆ ಗಟ್ಟಿಯಾಗಿ ಅಂಟಿರುವುದು ಇನ್ನೊಂದು. ಸಿಮೆಂಟಿನಲ್ಲಿ ಬಿಡುಗಡೆಯಾಗುವ ಸುಣ್ಣವು ನೀರಿನೊಡನೆ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕೂಡಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗಿರುತ್ತದೆ. ಹಾಸಿದ ಕಲ್ಲಿಗೂ ಆ ಬಿಳಿ ಪದರಕ್ಕೂ ದ್ರವ್ಯ ಒಂದೇ. ಪದರವನ್ನು ಕರಗಿಸುವ ಆಸಿಡ್ ಕಲ್ಲನ್ನು ಬಿಟ್ಟು ಕರಗಿಸೀತೆಂದು ನಂಬುವುದು ಹೇಗೆ?

ಲವಣ ಮೇಲೆ ಬಂದರೆ ಕಣ್ಣಿಗೆ ಮಾತ್ರ ತೊಂದರೆ. ಮೇಲೆ ಬರಲು ದಾರಿಯಿಲ್ಲದೆ ಮೈಯ ಕೆಳಗೇ ಹರಳುಗಟ್ಟಿದರೆ ಕಲ್ಲಿಗೇ ತೊಂದರೆ. ಹರಳು ಬೆಳೆಯುತ್ತ ಮೇಲಿನ ತೆಳುಪದರವನ್ನು ಎಬ್ಬಿಸುತ್ತದೆ. ಫರಸಿಯಂಥ ಪದರದ ಕಲ್ಲು ಹಪ್ಪಳದಂತೆ ಬಿಡಿಸಿಕೊಳ್ಳುತ್ತದೆ. ಕಲ್ಲಿನ ಮೇಲೆ ಎಣ್ಣೆಬಣ್ಣ, ವಾರ್ನಿಶ್ ಬಳಿದ ಮನೆಗಳಲ್ಲಿ ಇದನ್ನು ವಿಶೇಷವಾಗಿ ಕಾಣುತ್ತೇವೆ.

ಅಂಚಿನ ಕಪ್ಪು ಚೌಕಟ್ಟು, ಐದು ದುಂಡು ಕಲೆಗಳ ಮರ್ಮ ಹಾಸುವ ಕ್ರಮದಲ್ಲಿದೆ. ಕಲ್ಲಿನ ಅಡಿಗೆ ಪೂರ್ತಿ ಗಾರೆ ಹರಡದೆ, ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಉಂಡೆ ಇಟ್ಟು ಮೇಲೆ ಕಲ್ಲು ಕೂರಿಸುವ ಪದ್ಧತಿ ಹೊಸದಾಗಿ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ, ಮಟ್ಟವೂ ಸುಲಭ. ಆದರೆ ಉಂಡೆ ತಾಗಿದಲ್ಲಿ ನೀರು ಬತ್ತಿಯಂತೆ ಏರುತ್ತದೆ, ಉಳಿದೆಡೆ ಪೊಳ್ಳು. ಪೊಳ್ಳಿನಲ್ಲಿ ಮಳೆನೀರು ನಿಂತು ವಾರಗಟ್ಟಲೆ ಕಲ್ಲನ್ನು ಕೆಳಗಿನಿಂದ ನೆನೆಸುತ್ತದೆ. ಕಲ್ಲನ್ನು ಕೋಲಿನಿಂದ ತಟ್ಟಿದರೆ ಡಬಡಬ ಎಂಬ ಸದ್ದು ಬರುವುದು ಇದೇ ಕಾರಣಕ್ಕೆ. ಅಂಚಿನ ಚೌಕಟ್ಟಾದರೋ, ಸಂದಿನಲ್ಲಿ ಇಳಿದ ನೀರು ಕಲ್ಲಿನ ಪಕ್ಕದಿಂದ ಒಳಸೇರಿದ ಗುರುತು.

ಹಸಿರು ಹಾಗೂ ಕಪ್ಪು ಪಾಚಿಗೆ ಬೇಕಾದುದು ನೀರು ಮತ್ತು ನೆರಳು. ಉತ್ತರದ ಗೋಡೆಯ ಬದಿ, ಬಚ್ಚಲ ಮಗ್ಗುಲು, ಹೂಕುಂಡದ ಕೆಳಗೆ ಅದು ನೆಲೆಸುತ್ತದೆ. ಬಿಲ್ವದ ಮರವೋ ಬೇವಿನ ಮರವೋ ಅಂಗಳದಲ್ಲಿದ್ದರೆ, ಒದ್ದೆ ಕಲ್ಲಿನ ಮೇಲೆ ಕೊಳೆತ ಎಲೆ ಕಂದು ಅಚ್ಚು ಒತ್ತುತ್ತದೆ. ಕಬ್ಬಿಣದ ಕುರ್ಚಿಕಾಲಿನ ತುಕ್ಕು ಇನ್ನೊಂದು. ಇವೆಲ್ಲಕ್ಕೂ ತಾಯಿ ತೇವವೇ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಆ ಯಜಮಾನರಿಗೆ ನಾವು ಎರಡು ಪರೀಕ್ಷೆ ಹೇಳಿದೆವು. ಎರಡಕ್ಕೂ ಕಾಸಿನ ಖರ್ಚಿಲ್ಲ. ಮಳೆ ನಿಂತು ಐದಾರು ದಿನ ಒಣ ಹವೆ ಬಂದಾಗ, ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಲೆಯಿರುವ ಕಲ್ಲಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿಗೂಡಿದ್ದರೆ ನೀರು ಅಡಿಯಿಂದ ಬರುತ್ತಿದೆ. ಹನಿಯಿಲ್ಲದಿದ್ದರೆ ಮೇಲೆ ಬಿದ್ದ ನೀರು ಹರಿಯದೆ ನಿಲ್ಲುವುದೇ ದೋಷ. ಎರಡನೆಯದು ಇನ್ನೂ ಸುಲಭ: ಅಂಗಳದ ಎತ್ತರದ ಮೂಲೆಯಲ್ಲಿ ನಾಲ್ಕು ಕೊಡ ನೀರು ಸುರಿದು ನೋಡುತ್ತ ಕೂಡುವುದು. ನೀರು ಎಲ್ಲಿ ನಿಂತಿತೋ ಅಲ್ಲಿ ಬಳಪದಿಂದ ಗೆರೆ ಎಳೆಯುವುದು. ಬಳಪ ಹಿಡಿಯುವ ಕೆಲಸವನ್ನು ಆ ಮೊಮ್ಮಗ ಬಲು ಶ್ರದ್ಧೆಯಿಂದ ಮಾಡಿದನಂತೆ.

ಒಂದೇ ಅಂಗಳದಲ್ಲಿ ಎರಡೂ ದೋಷ ಕಂಡುಬಂದವು. ಬಚ್ಚಲ ಬದಿಯ ಹಾಳೆಯಲ್ಲಿ ದಪ್ಪ ಹನಿ. ಗೇಟಿನ ಬದಿಯಲ್ಲಿ ಹನಿಯಿಲ್ಲ, ಆದರೆ ನೀರು ಅಂಗೈಯಗಲದ ಮಡುವಾಗಿ ನಿಂತಿತ್ತು.

ಕಲೆಯನ್ನು ತೆಗೆಯುವ ಕ್ರಮವನ್ನು ಗೃಹಿಣಿಯರು ಗಮನವಿಟ್ಟು ಓದಬೇಕು. ಬಿಳಿ ಉಪ್ಪು ಕಂಡೊಡನೆ ನೀರು ಸುರಿಯುವುದು ನಮ್ಮೆಲ್ಲರ ಚಾಳಿ. ಅದು ತಪ್ಪು, ಕರಗಿದ ಉಪ್ಪು ಮತ್ತೆ ಕಲ್ಲಿನೊಳಗೇ ಇಳಿಯುತ್ತದೆ. ಒಣ ದಿನದಲ್ಲಿ ಒಣ ನಾರಿನ ಬ್ರಷ್ಷಿನಿಂದ ತಿಕ್ಕಿ, ಪುಡಿಯನ್ನು ಗುಡಿಸಿ, ಮೊರದಲ್ಲಿ ತುಂಬಿ ಅಂಗಳದ ಹೊರಗೆ ಚೆಲ್ಲಬೇಕು. ತಂತಿಯ ಬ್ರಷ್ ಬೇಡ. ಗೀರು ಬೀಳುತ್ತದೆ, ಉಳಿದ ತಂತಿಯ ಚೂರು ತುಕ್ಕು ಹಿಡಿಯುತ್ತದೆ. ಹೀಗೆ ಹಲವು ಸಲ ಮಾಡಿದ ಮೇಲೆ, ಉಳಿದುದಕ್ಕೆ ಲೇಪದ ಚಿಕಿತ್ಸೆ. ಬಿಳಿಯ ಕಾಗದವನ್ನು ನೆನೆಸಿ ಅರೆದ ಮುದ್ದೆಯೋ, ಮುಲ್ತಾನಿ ಮಿಟ್ಟಿಯೋ, ಎರಡರ ಮಿಶ್ರಣವೋ ಆಗಬಹುದು. ಅಚ್ಚಾದ ವೃತ್ತಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಕಲಸಲು ಮಳೆಯ ನೀರೇ ಶ್ರೇಷ್ಠ. ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಲವಣ ಹೆಚ್ಚು. ಕಲ್ಲನ್ನು ಸ್ವಲ್ಪ ನೆನೆಸಿ, ಅರ್ಧ ಇಂಚು ದಪ್ಪಕ್ಕೆ ಲೇಪ ಹಚ್ಚಿ, ಅದು ತಾನಾಗಿ ಒಣಗಿ ಬಿರಿಯುವವರೆಗೆ ಬಿಡಬೇಕು. ಒಣಗುವಾಗ ಅದು ಕಲ್ಲಿನ ನೀರನ್ನೂ ನೀರಿನೊಡನೆ ಲವಣವನ್ನೂ ತನ್ನತ್ತ ಸೆಳೆಯುತ್ತದೆ. ಎರಡು ಮೂರು ಸಲ ಮಾಡಿದರೆ ಫಲ ಕಾಣುತ್ತದೆ. ಗಟ್ಟಿ ಸುಣ್ಣದ ಪದರಕ್ಕೆ ಈ ಲೇಪ ನಾಟದು. ನಯವಾದ ಉಜ್ಜುಕಲ್ಲಿನಿಂದ ಮೆಲ್ಲಗೆ ತೇಯುವುದೊಂದೇ ದಾರಿ. ಪೂರ್ತಿ ಹೋಗದಿದ್ದರೆ ಬಿಡಿರಿ. ಹಲವು ಮಳೆ ಬಿಸಿಲಿಗೆ ಅದು ಮಂಕಾಗುತ್ತ ಬರುತ್ತದೆ.

ಪಾಚಿಗೆ ಕುದಿವ ನೀರು, ಗಟ್ಟಿ ಬ್ರಷ್, ಬಿಸಿಲು ಸಾಕಾಗುವುದುಂಟು. ಬ್ಲೀಚಿಂಗ್ ಪುಡಿ ಬಳಸುವವರು ಬಹಳ ತೆಳುವಾಗಿ ಬಳಸಿ, ಹತ್ತೇ ನಿಮಿಷದಲ್ಲಿ ಧಾರಾಳ ನೀರಿನಿಂದ ತೊಳೆದುಬಿಡಬೇಕು. ಅದರ ಶೇಷವೂ ಲವಣವೇ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಬ್ಲೀಚಿಂಗ್ ಪುಡಿ ಇದ್ದಲ್ಲಿ ಆಸಿಡ್ಡನ್ನಾಗಲಿ, ಶೌಚಾಲಯ ತೊಳೆಯುವ ಆಸಿಡ್ಡಿನ ದ್ರವವನ್ನಾಗಲಿ ಎಂದಿಗೂ ಸೇರಿಸಕೂಡದು. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ. “ಎರಡನ್ನೂ ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತದೆ” ಎಂದು ಹೇಳುವ ನೆರೆಹೊರೆಯವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿರಿ. ದೀಪದ ಎಣ್ಣೆ ಚೆಲ್ಲಿದರೆ ತಡಮಾಡದೆ ಮುಲ್ತಾನಿ ಮಿಟ್ಟಿಯ ಒಣ ಪುಡಿ ಉದುರಿಸಿ ಹೀರಿಸುವುದು ಒಳ್ಳೆಯದು. ನೀರನ್ನು ರಭಸದಿಂದ ಚಿಮ್ಮುವ ಯಂತ್ರಗಳು ಈಗ ಬಾಡಿಗೆಗೆ ಸಿಗುತ್ತವೆ. ಅವು ಸಂದಿನ ಗಾರೆಯನ್ನು ಕಿತ್ತು ಒಳಗೆ ನೀರು ತುಂಬುತ್ತವೆ, ನಮಗೆ ಅವು ಮೆಚ್ಚಿಗೆಯಿಲ್ಲ.

ಹಾಸುವಾಗಲೇ ಎಚ್ಚರ

ಹೊಸದಾಗಿ ಹಾಸಿಸುವವರಿಗೆ ನಾಲ್ಕು ಮಾತು. ನಮ್ಮ ಸೀಮೆಯ ಎರೆಮಣ್ಣು ಬೆಳೆಗೆ ಬಂಗಾರ, ಕಟ್ಟಡಕ್ಕೆ ಕಂಟಕ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕುಡಿದ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಅಂಗಳದ ಜಾಗದಲ್ಲಿ ಅದನ್ನು ಒಂದೂವರೆ ಅಡಿಯಾದರೂ ತೆಗೆದು ಗರಸು ತುಂಬಿ, ನೀರು ಹೊಡೆದು, ದಮ್ಮಸು ಮಾಡಿಸಬೇಕು. ಮೇಲೆ ನಾಲ್ಕಾರು ಇಂಚು ಜಲ್ಲಿ. ದಪ್ಪ ಜಲ್ಲಿಯ ನಡುವೆ ಸೂಕ್ಷ್ಮ ರಂಧ್ರಗಳಿಲ್ಲವಾದ್ದರಿಂದ ಕೆಳಗಿನ ನೀರು ಬತ್ತಿಯಂತೆ ಏರಲಾರದು. ಅದರ ಮೇಲೆ ಒಂದೂವರೆ ಎರಡು ಇಂಚು ಗಾರೆಯನ್ನು ಪೂರ್ತಿ ಹರಡಿ, ಕಲ್ಲಿನ ಅಡಿಮೈಯೆಲ್ಲ ತಾಗುವಂತೆ ಕೂರಿಸಬೇಕು. ಗೌಂಡಿ ಉಂಡೆ ಇಡತೊಡಗಿದರೆ ವಿನಯದಿಂದಲೇ ತಡೆಯಿರಿ. ಪೂರ್ತಿ ಗಾರೆಗೆ ಹೆಚ್ಚು ಸಿಮೆಂಟು, ಹೆಚ್ಚು ಹೊತ್ತು ಬೇಕು, ಆ ಕೂಲಿಯನ್ನು ಸಂತೋಷದಿಂದ ಕೊಡಿರಿ. ಗಾರೆಗೆ ಸಿಹಿನೀರು, ತೊಳೆದ ಉಸುಕು. ಸಂದಿಗೆ ಸುಣ್ಣದ ಗಾರೆ ತುಂಬಿಸಿದರೆ ತೇವ ಸಂದಿನ ಮೂಲಕ ಉಸಿರಾಡಿ ಹೋಗುತ್ತದೆ, ಕಲ್ಲಿಗೆ ಭಾರ ತಗ್ಗುತ್ತದೆ. ಕೆಲವು ವರ್ಷಕ್ಕೊಮ್ಮೆ ಆ ಸಂದಿಯನ್ನು ಹೊಸದು ಮಾಡಬೇಕಾದೀತು. ಕಲ್ಲನ್ನೇ ಬದಲಿಸುವುದಕ್ಕಿಂತ ಅದು ಮೇಲು.

ಇಳಿಜಾರಿನ ಲೆಕ್ಕ ಸರಳ. ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು. ರಸಮಟ್ಟವಿಟ್ಟು ನೋಡಿ ಮನೆಯಿಂದ ಹೊರಕ್ಕೆ ಇಳಿಯುವಂತೆ ಹಾಸಬೇಕು. ಅಂಗಳದ ಮಟ್ಟ ಮನೆಯ ಗೋಡೆಯ ತೇವ ತಡೆಯುವ ಪದರಕ್ಕಿಂತ ಆರು ಇಂಚಾದರೂ ಕೆಳಗಿರಬೇಕು; ಇಲ್ಲವಾದರೆ ಅಂಗಳದ ಕಲೆ ಪಡಸಾಲೆಯ ಗೋಡೆ ಹತ್ತುತ್ತದೆ. ಮಾಳಿಗೆಯ ನೀರಿನ ಕೊಳವೆಯನ್ನು ಅಂಗಳಕ್ಕೆ ಬಿಡದೆ ಹೊರಗಿನ ಗಟಾರಕ್ಕೆ ಒಯ್ಯಬೇಕು. ಹಾಸುವ ಕಾಲ ಮಳೆ ಮುಗಿದ ಮೇಲೆ. ಹೊಸ ಕಲ್ಲು ಕೆಲವು ತಿಂಗಳು ಅಲ್ಲಲ್ಲಿ ಕಪ್ಪಾಗಿ ಕಾಣುವುದು ಸಹಜ, ಗಾರೆಯ ನೀರು ಆರುತ್ತಿರುತ್ತದೆ. ಅದಕ್ಕೆ ಗಾಬರಿ ಬೇಡ.

ಪೇಟೆಯಲ್ಲಿ ಈಗ ‘ಸೀಲರ್’ ಎಂಬ ದ್ರವಗಳು ಬಂದಿವೆ. ಮೈಮೇಲೆ ಹೊಳೆವ ಪೊರೆ ಕಟ್ಟುವಂಥವು ಬೇಡ. ಒಳಗಿನ ತೇವ ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಿಲೇನ್, ಸಿಲೋಕ್ಸೇನ್ ಎಂಬ ಬಗೆಯವು ಕಲ್ಲಿನೊಳಗೆ ಇಳಿದು ನೀರನ್ನು ತಡೆದು ಆವಿಯನ್ನು ಬಿಡುತ್ತವೆ. ಹಚ್ಚುವುದಾದರೆ ಚೈತ್ರ ವೈಶಾಖದ ಬಿಸಿಲಿನಲ್ಲಿ ಕಲ್ಲು ಪೂರ್ತಿ ಒಣಗಿದ ಮೇಲೆ, ಒಂದು ಕಲ್ಲಿಗೆ ಹಚ್ಚಿ ಪರೀಕ್ಷಿಸಿದ ಮೇಲೆಯೇ ಹಚ್ಚಬೇಕು. ಅಡಿಯಿಂದ ನೀರು ಬರುವ ಅಂಗಳಕ್ಕೆ ಅದರಿಂದ ಪ್ರಯೋಜನವಿಲ್ಲ.

ಇಳಕಲ್ಲಿನ ಗ್ರ್ಯಾನೈಟ್, ದಕ್ಷಿಣದ ಜಿಲ್ಲೆಗಳ ಕಣಶಿಲೆಯ ಚಪ್ಪಡಿಗಳು ಹುಳಿಗೆ ಇಷ್ಟು ಅಂಜುವುದಿಲ್ಲ, ನೀರನ್ನೂ ಕಡಿಮೆ ಕುಡಿಯುತ್ತವೆ. ಬಾದಾಮಿಯ ಕಡೆಯ ಕೆಂಪು ಮರಳುಗಲ್ಲು ಹೆಚ್ಚು ಕುಡಿಯುತ್ತದೆ. ಕಡಪದ ಕರಿಕಲ್ಲು ನಮ್ಮ ಫರಸಿಯ ದಾಯಾದಿ, ಸುಣ್ಣದ್ದೇ. ಹಾಸುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ.

ಮಾರ್ಗಶಿರದ ಲಗ್ನ ಕಲೆಯ ಅಂಗಳದಲ್ಲಿಯೇ ಆಯಿತು. ಯಜಮಾನರಿಗೆ ಅದು ಹಿಡಿಸಲಿಲ್ಲ. ನಮ್ಮ ಮಾತಿಗೆ ಆಸಿಡ್ ಸುರಿಯಲಿಲ್ಲವಾದರೂ, ಹಂದರದ ಕೆಳಗೆಲ್ಲ ಜಮಖಾನ ಹಾಸಿಸಿದರು. ಬೀಗರು ಊಟದ ರುಚಿಯನ್ನು ಮಾತಾಡಿದರು, ಫರಸಿಯನ್ನು ಯಾರೂ ಮಾತಾಡಲಿಲ್ಲ. ಮಾಘದಲ್ಲಿ ಬಚ್ಚಲ ಬದಿಯ ಮೂರು ಸಾಲು ಕಲ್ಲನ್ನು ಹಾರೆಯಿಂದ ಎಬ್ಬಿಸಿದಾಗ ನಾವೂ ಅಲ್ಲಿದ್ದೆವು. ಅಡಿಯಲ್ಲಿ ಒಂದೊಂದು ಕಲ್ಲಿಗೆ ಐದೈದು ಗಾರೆಯ ಉಂಡೆ, ನಡುವೆ ಪೊಳ್ಳು, ಮಾಘ ಮಾಸದಲ್ಲಿಯೂ ಹಿಂಡಿದರೆ ನೀರು ಬರುವ ಎರೆಮಣ್ಣು. ಬಚ್ಚಲಿನ ಕೊಳವೆಯ ಜೋಡಣೆ ಒಡೆದು ಮೂರು ವರ್ಷದಿಂದಲೂ ಅಂಗಳದ ಕೆಳಗೆ ಸೋರುತ್ತಿತ್ತು. ಕೊಳವೆ ಬದಲಿಸಿ, ಮಣ್ಣು ತೆಗೆಸಿ, ಗರಸು ಜಲ್ಲಿ ಹಾಕಿಸಿ, ಅವೇ ಕಲ್ಲುಗಳನ್ನು ಮಗುಚದೆ ಮರಳಿ ಕೂರಿಸಿದರು. ಗೇಟಿನ ಬದಿಯ ಮಡುವಿಗೆ ನಾಲ್ಕು ಕಲ್ಲು ಎತ್ತಿ ಇಳಿಜಾರು ಸರಿಪಡಿಸಿದ್ದಾಯಿತು. ಮನೆಯವರೇ ಎರಡು ಸಲ ಲೇಪ ಹಚ್ಚಿದರು.

ಈ ವರ್ಷದ ಮೊದಲ ಮಳೆಗಳಾದ ಮೇಲೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆವು. ಬಚ್ಚಲ ಬದಿ ಒಣಗಿತ್ತು. ಬಿಳಿಯ ಕಲೆ ಏಳೆಂಟು ಕಲ್ಲಿನ ಮೇಲೆ ಇನ್ನೂ ಮಸುಕಾಗಿ ಉಳಿದಿದೆ. ಹಿರಿಯ ಅವ್ವ ಕೋಲು ಹಿಡಿಯದೆ ಬಚ್ಚಲಿಗೆ ಹೋಗಿಬರುತ್ತಿದ್ದರು. ಹಿತ್ತಾಳೆಯ ಪಾತ್ರೆ ತಿಕ್ಕಲು ಈಗ ಹಿತ್ತಿಲಿನಲ್ಲಿ ಬೇರೆ ಒಂದು ಗ್ರ್ಯಾನೈಟ್ ಚೂರನ್ನು ಹಾಕಿಸಿಕೊಂಡಿದ್ದಾರೆ.